ನಿಂತ ಗೋಪುರ, ನಡೆಯುವ ಪೂಜೆ

ಮೈಸೂರಿನ ಅಶೋಕ ರಸ್ತೆಯಲ್ಲಿ ಸಾಗುವವರಿಗೆ ಸಂತ ಫಿಲೋಮಿನಾ ದೇವಾಲಯದ ಜೋಡಿಗೋಪುರಗಳು ದೂರದಿಂದಲೇ ಕಾಣಿಸುತ್ತವೆ. ಅವುಗಳ ಎತ್ತರ ಸುಮಾರು 175 ಅಡಿ. ಹೊಸದಾಗಿ ಊರಿಗೆ ಬಂದವನು ತಲೆಯೆತ್ತಿ ನೋಡುತ್ತ ನಿಲ್ಲುತ್ತಾನೆ. ಅದೇ ಬೀದಿಯಲ್ಲಿ ಮೂವತ್ತು ವರ್ಷ ಬಾಳಿದವನು ತಲೆಯೆತ್ತದೆ ನಡೆದುಬಿಡುತ್ತಾನೆ. ಗೋಪುರವೇನೂ ಕುಗ್ಗಿಲ್ಲ, ಕಣ್ಣಿಗೆ ಅದು ರೂಢಿಯಾಗಿದೆ, ಅಷ್ಟೆ. ಭಕ್ತಿಜೀವನಕ್ಕೆ ಒದಗುವ ಅಪಾಯವೂ ಬಹುಮಟ್ಟಿಗೆ ಈ ಬಗೆಯದೇ. ಕಷ್ಟಕಾಲದಲ್ಲಿ ಅಲುಗದ ವಿಶ್ವಾಸ ಸುಖದ ದಿನಗಳಲ್ಲಿ ಮೆಲ್ಲಗೆ ತೂಕಡಿಸತೊಡಗುತ್ತದೆ.

ಈ ಸ್ಥಳದಲ್ಲಿ ಮೊದಲ ಚರ್ಚು ಎದ್ದದ್ದು 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. ಈಗಿನ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಸ್ತಿಭಾರವಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಇದರ ರಚನೆಗೆ ಮಾದರಿಯಾದದ್ದು ಜರ್ಮನಿಯ ಕಲೋನ್ ನಗರದ ಮಹಾದೇವಾಲಯ. ಮೈಸೂರಿನ ಗೋಪುರ ಕೆಲವೇ ವರ್ಷಗಳಲ್ಲಿ ಮುಗಿಲಿಗೇರಿತು. ಆದರೆ ಅದಕ್ಕೆ ಮಾದರಿಯಾದ ಗೋಪುರದ ಕಥೆ ಬೇರೆ.

ಕಲೋನಿನಲ್ಲಿ ಕೆಲಸ ಆರಂಭವಾದದ್ದು 1248ರಲ್ಲಿ. ಗರ್ಭಗುಡಿಯ ಭಾಗ ಸಿದ್ಧವಾಗಿ 1322ರಲ್ಲಿ ಅದರ ಪ್ರತಿಷ್ಠೆಯೂ ಆಯಿತು. ಕಾಲ ಕಳೆದಂತೆ ಹಣವೂ ಉತ್ಸಾಹವೂ ಬತ್ತಿ, 16ನೆಯ ಶತಮಾನದಲ್ಲಿ ಕೆಲಸ ನಿಂತುಹೋಯಿತು. ಅರೆಬರೆಯಾದ ಗೋಪುರದ ನೆತ್ತಿಯ ಮೇಲೆ ಕಲ್ಲುಗಳನ್ನು ಮೇಲೆತ್ತುವ ಮರದ ಕ್ರೇನೊಂದು ಹಾಗೆಯೇ ಉಳಿಯಿತು. ಒಂದಲ್ಲ, ಎರಡಲ್ಲ, ಸುಮಾರು ಮುನ್ನೂರು ವರ್ಷ ಅದು ಅಲ್ಲಿ ಸುಮ್ಮನೆ ನಿಂತಿತ್ತು. ಚಿತ್ರಕಾರರು ಊರಿನ ಚಿತ್ರ ಬರೆದಾಗಲೆಲ್ಲ ಅದನ್ನೂ ಬರೆದರು. ಅಪೂರ್ಣತೆಯ ಗುರುತು ಊರಿನ ಗುರುತೇ ಆಗಿಹೋಯಿತು.

ಇದರಲ್ಲಿ ಎಚ್ಚರಗೊಳ್ಳಬೇಕಾದ ಅಂಶವೊಂದುಂಟು. ಆ ವರ್ಷಗಳಲ್ಲಿ ಕಲೋನಿನಲ್ಲಿ ದೈವಭಕ್ತಿ ಅಳಿದಿರಲಿಲ್ಲ. ಮುಗಿದಿದ್ದ ಭಾಗದಲ್ಲಿ ಹಾಡು, ಧೂಪ, ದೀಪ ಎಲ್ಲವೂ ಇದ್ದವು. ಪೂಜೆ ನಡೆಯುತ್ತಿತ್ತು, ಕೆಲಸ ಮಾತ್ರ ನಿಂತಿತ್ತು. ಪೂಜೆ ನಡೆಯುತ್ತಿದ್ದುದರಿಂದಲೇ ಕೆಲಸ ನಿಂತದ್ದು ಯಾರನ್ನೂ ಬಾಧಿಸಲಿಲ್ಲವೇನೋ!

ಅನುಕೂಲಸ್ಥ ಕ್ರೈಸ್ತ ಕುಟುಂಬವೊಂದರ ಭಾನುವಾರವನ್ನು ಕಲ್ಪಿಸಿಕೊಳ್ಳಬಹುದು. ಮನೆಮಂದಿಯೆಲ್ಲ ಮಡಿಕೆ ಮುರಿಯದ ಬಟ್ಟೆಯುಟ್ಟು ಚರ್ಚಿಗೆ ಹೊರಡುತ್ತಾರೆ. ಕಾಣಿಕೆ ಸಲ್ಲುತ್ತದೆ. ಕ್ರಿಸ್ಮಸ್ ಬಂದರೆ ಬಾಗಿಲಲ್ಲಿ ನಕ್ಷತ್ರ ತೂಗುತ್ತದೆ, ನೆರೆಮನೆಗಳಿಗೆ ಕೇಕು ಹೋಗುತ್ತದೆ. ಯಾವುದಕ್ಕೂ ಕೊರತೆಯಿಲ್ಲ. ಆದರೆ ಪಿತ್ರಾರ್ಜಿತ ಮನೆಯ ಪಾಲಿನ ವಿಷಯದಲ್ಲಿ ಮನಸ್ಸು ಮುರಿದು, ಮನೆಯ ಯಜಮಾನನು ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟು ಹತ್ತು ವರ್ಷ ಕಳೆದಿದೆ. ಪೂಜೆಯ ನಡುವೆ ಶಾಂತಿಯನ್ನು ಹಂಚಿಕೊಳ್ಳುವ ಗಳಿಗೆಯಲ್ಲಿ ಅವನು ಸುತ್ತಲಿನವರಿಗೆಲ್ಲ ಕೈಮುಗಿಯುತ್ತಾನೆ. ಮೂರು ಸಾಲು ಹಿಂದೆ ಕುಳಿತ ತಮ್ಮನ ಕಡೆಗೆ ಮಾತ್ರ ತಿರುಗುವುದಿಲ್ಲ. ಮೊದಮೊದಲು ಇದು ಎದೆಯನ್ನು ಇರಿಯುತ್ತಿತ್ತು. ಈಗ ಇರಿಯುವುದಿಲ್ಲ. ಅದೇ ಭಯಪಡಬೇಕಾದ ಸಂಗತಿ. ಅವನ ಗೋಪುರದ ಮೇಲೂ ಕ್ರೇನು ನಿಂತಿದೆ. ಕಣ್ಣು ಅದಕ್ಕೆ ಒಗ್ಗಿಹೋಗಿದೆ.

ಕಾಣಿಕೆಯನ್ನು ಪೀಠದ ಬಳಿಯಲ್ಲೇ ಬಿಟ್ಟು ಮೊದಲು ಸೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬುದು ಯೇಸುಸ್ವಾಮಿಯ ಬೋಧೆ. ಅದನ್ನು ಅರಿಯದವರಾರೂ ಆ ಸಾಲಿನಲ್ಲಿಲ್ಲ. ಅರಿವಿನ ಕೊರತೆಯಿಂದ ಬಿದ್ದವರಿಗಿಂತ ತನಗೆ ಬೀಳುವ ಭಯವಿಲ್ಲವೆಂದು ನಂಬಿ ಬಿದ್ದವರೇ ಹೆಚ್ಚು. ಶಿಷ್ಯರಲ್ಲಿ ಅಗ್ರಗಣ್ಯನಾದ ಪೇತ್ರನು ತಾನೆಂದಿಗೂ ಗುರುವನ್ನು ಬಿಡೆನೆಂದು ಆಣೆಯಿಟ್ಟ ರಾತ್ರಿಯೇ ಗೆತ್ಸೆಮನೆಯ ತೋಟದಲ್ಲಿ ನಿದ್ರೆಹೋದನು. ಕೋಳಿ ಕೂಗುವ ಹೊತ್ತಿಗೆ ಗುರುವನ್ನು ಮೂರು ಸಲ ಅಲ್ಲಗಳೆದಿದ್ದನು. ಆದರೆ ಕೋಳಿಯ ಕೂಗು ಅವನ ಕಿವಿಗೆ ಬಿತ್ತು, ಅವನು ಅತ್ತನು. ಆ ಅಳುವಿನಿಂದಲೇ ಹೊಸ ಪೇತ್ರನು ಎದ್ದನು.

ಎಚ್ಚರದಿಂದಿರಲು ಹಿರಿಯರು ಕಂಡುಕೊಂಡ ಉಪಾಯಗಳು ಸರಳವಾದವು. ಲೊಯೋಲದ ಸಂತ ಇಗ್ನೇಷಿಯಸ್ ದಿನಕ್ಕೆ ಎರಡು ಬಾರಿ ಆತ್ಮಶೋಧನೆ ಮಾಡಿಕೊಳ್ಳಬೇಕೆಂದು ವಿಧಿಸಿದರು. ದಿನದ ಕೃಪೆಗೆ ವಂದಿಸಿ, ನಡೆನುಡಿಗಳನ್ನು ಗಂಟೆಗಂಟೆಯಾಗಿ ನೆನೆದು, ತಪ್ಪಿದ್ದಕ್ಕೆ ಕ್ಷಮೆ ಬೇಡಿ, ನಾಳೆಗೆ ಸಂಕಲ್ಪ ಮಾಡುವುದೇ ಅದರ ಕ್ರಮ. ಅಂಗಡಿಯವನು ರಾತ್ರಿ ಬಾಗಿಲು ಹಾಕುವ ಮುನ್ನ ಲೆಕ್ಕ ನೋಡುವಂತೆ ಇದು. ಲೆಕ್ಕ ನೋಡದ ಅಂಗಡಿ ಒಂದೇ ದಿನದಲ್ಲಿ ಮುಳುಗುವುದಿಲ್ಲ, ಮುಳುಗುತ್ತಿರುವುದು ತಿಳಿಯುವುದಿಲ್ಲ.

ಕಲೋನಿನ ಕಥೆ ಅಪೂರ್ಣವಾಗಿಯೇ ಉಳಿಯಲಿಲ್ಲ. ಕಳೆದುಹೋಗಿದ್ದ ಹಳೆಯ ನಕ್ಷೆಯ ಅರ್ಧಭಾಗ 1814ರಲ್ಲಿಯೂ ಉಳಿದದ್ದು 1816ರಲ್ಲಿಯೂ ದೊರೆತವು. 1842ರಲ್ಲಿ, ಮೈಸೂರಿನ ಮೊದಲ ಚರ್ಚಿಗೆ ಒಂದು ವರ್ಷ ಮುಂಚೆ, ಕೆಲಸ ನಿಂತಲ್ಲಿಂದಲೇ ಮತ್ತೆ ಆರಂಭವಾಯಿತು. 1880ರಲ್ಲಿ ಗೋಪುರಗಳು ಪೂರ್ಣಗೊಂಡವು. ಮುನ್ನೂರು ವರ್ಷ ತಡವಾಯಿತೆಂದು ಯಾರೂ ನಕ್ಷೆಯನ್ನು ಬದಿಗಿಡಲಿಲ್ಲ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಸವೆದ ಕಲ್ಲನ್ನು ಬದಲಿಸುವ ಕುಟಿಗರು ಅಲ್ಲಿ ಇಂದಿಗೂ ಇದ್ದಾರೆ. ಮೈಸೂರಿನ ದೇವಾಲಯಕ್ಕೂ ನೂರು ವರ್ಷ ತುಂಬುವ ಮುನ್ನವೇ ಜೀರ್ಣೋದ್ಧಾರ ಬೇಕಾಯಿತು. ಕಟ್ಟಿದ್ದನ್ನು ಕಾಯುವುದೂ ಕಟ್ಟುವ ಕೆಲಸವೇ.

ಆ ಗೃಹಸ್ಥನಿಗೆ ಮಾಡಬೇಕಾದ ಕೆಲಸ ಅಷ್ಟು ದೊಡ್ಡದಲ್ಲ. ಪೂಜೆ ಮುಗಿದ ಮೇಲೆ ಮೂರು ಸಾಲು ಹಿಂದಕ್ಕೆ ನಡೆದರೆ ಸಾಕು.