ಶೇ 6ರ ಕೊರತೆಗೆ ಯಾರು ಹೊಣೆ?

ಒಂದು ಯುರೇನಿಯಂ ಪರಮಾಣು ಒಡೆದರೆ ಅದರ ಚೂರುಗಳು ಸರಾಸರಿ ಆರು ಆಂಟಿನ್ಯೂಟ್ರಿನೊಗಳನ್ನು ಹೊರಚೆಲ್ಲುತ್ತವೆ. 2011ರಲ್ಲಿ ಯುರೋಪಿನ ಭೌತವಿಜ್ಞಾನಿಗಳು ಈ ಲೆಕ್ಕವನ್ನು ಹೊಸದಾಗಿ ಹಾಕಿದರು. ಅದುವರೆಗಿನ ಪ್ರಯೋಗಗಳಿಗೆ ರಿಯಾಕ್ಟರುಗಳ ಬಳಿ ಸಿಕ್ಕಿದ್ದ ಕಣಗಳು ಸುಮಾರು ಶೇ 6ರಷ್ಟು ಕಡಿಮೆ ಎಂದಾಯಿತು. ಉಳಿದವು ಎಲ್ಲಿಗೆ ಹೋದವು?

ಥಟ್ಟನೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಸ್ಟೆರೈಲ್ ನ್ಯೂಟ್ರಿನೊ. ಗೊತ್ತಿರುವ ಮೂರು ಬಗೆಗಳಾಚೆಗಿನ ನಾಲ್ಕನೆಯದು, ಯಾವ ಉಪಕರಣಕ್ಕೂ ಸಿಕ್ಕದ್ದು. ಆಂಟಿನ್ಯೂಟ್ರಿನೊಗಳು ದಾರಿಯಲ್ಲೇ ಅದಾಗಿ ಮಾರ್ಪಟ್ಟಿದ್ದರೆ ಕೊರತೆಗೆ ಕಾರಣ ಸಿಕ್ಕಂತೆ. ನೊಬೆಲ್ ವಾಸನೆಯೂ ಬಡಿಯುತ್ತಿತ್ತು ಬಿಡಿ.

ಮೊದಲ ಪೆಟ್ಟು ಬಿದ್ದದ್ದು 2017ರಲ್ಲಿ, ಚೀನಾದ ದಾಯಾ ಬೇ ಪ್ರಯೋಗದಿಂದ. ಇಂಧನ ಉರಿದಂತೆ ಯುರೇನಿಯಂ-235ರ ಪಾಲು ಇಳಿದು ಪ್ಲುಟೋನಿಯಂ-239ರ ಪಾಲು ಏರುತ್ತದೆ. ಕೊರತೆಗೆ ಹೊಸ ಕಣವೇ ಕಾರಣವಾಗಿದ್ದರೆ ಎರಡರಲ್ಲೂ ಅದು ಸಮನಾಗಿ ಕಾಣಬೇಕಿತ್ತು. ಆದರೆ ದಾಯಾ ಬೇ ಅಂಕಿಗಳು ಹೆಚ್ಚಾಗಿ ಬೆರಳು ತೋರಿದ್ದು ಯುರೇನಿಯಂ ಕಡೆಗೆ.

ಇನ್ನೊಂದು ಪರೀಕ್ಷೆ ನಡೆದದ್ದು ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ. ಅಲ್ಲಿನ ಸಂಶೋಧನಾ ರಿಯಾಕ್ಟರಿನಿಂದ ಸುಮಾರು ಹತ್ತು ಮೀಟರ್ ದೂರದಲ್ಲಿ ‘ಸ್ಟೀರಿಯೊ’ ಉಪಕರಣ. ಒಂದರ ಹಿಂದೊಂದು ಆರು ಕೋಣೆ, ಒಳಗೆ ಗ್ಯಾಡೊಲಿನಿಯಂ ಬೆರೆಸಿದ ದ್ರವ. ಆಂಟಿನ್ಯೂಟ್ರಿನೊ ಒಂದು ಪ್ರೋಟಾನಿಗೆ ಬಡಿದರೆ ಮೊದಲು ಪಾಸಿಟ್ರಾನಿನ ಮಿಂಚು, ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ನ್ಯೂಟ್ರಾನಿನ ಇನ್ನೊಂದು ಮಿಂಚು. ಈ ಜೋಡಿಯೇ ಸಾಕ್ಷಿ. ಕಣಗಳು ದಾರಿಯಲ್ಲಿ ವೇಷ ಬದಲಿಸಿದ್ದರೆ ಕೋಣೆಯಿಂದ ಕೋಣೆಗೆ ಶಕ್ತಿಯ ಹಂಚಿಕೆ ಬೇರೆಯಾಗಬೇಕಿತ್ತು. ಆಗಲಿಲ್ಲ. 2023ರ ಫಲಿತಾಂಶ ಸ್ಟೆರೈಲ್ ವಾದವನ್ನು ತಳ್ಳಿಹಾಕಿತು. ರಷ್ಯಾದ ನ್ಯೂಟ್ರಿನೊ-4 ತಂಡ ಮಾತ್ರ ಕಣ ಕಂಡಿತೆಂದೇ ಹಟ ಹಿಡಿದಿದೆ. ಅದರ ವಿಶ್ಲೇಷಣೆಗೆ ತಕರಾರುಗಳಿವೆ.

ಹಾಗಾದರೆ ತಪ್ಪು ಯಾರದು? 2021ರಲ್ಲಿ ಮಾಸ್ಕೊದ ಕುರ್ಚಾತೊವ್ ಸಂಸ್ಥೆ ಯುರೇನಿಯಂ ಮತ್ತು ಪ್ಲುಟೋನಿಯಂ ಚೂರುಗಳಿಂದ ಆಂಟಿನ್ಯೂಟ್ರಿನೊಗಳ ಜೊತೆಗೇ ಹೊಮ್ಮುವ ಬೀಟಾ ಕಣಗಳ ಅನುಪಾತವನ್ನು ಮತ್ತೆ ಅಳೆಯಿತು. ಎಲ್ಲ ಲೆಕ್ಕಗಳಿಗೂ ಆಧಾರವಾಗಿದ್ದ 1980ರ ದಶಕದ ಅಂಕಿಗಿಂತ ಅದು ಸುಮಾರು ಶೇ 5ರಷ್ಟು ಕಡಿಮೆ ಬಂತು. ತೂಕದ ಬಟ್ಟೇ ಸರಿಯಿರಲಿಲ್ಲ ಎನ್ನುವ ಅನುಮಾನ ಬಲವಾಯಿತು. ತಮಾಷೆಯೆಂದರೆ, ಆ ಹಳೆಯ ಅಳತೆ ನಡೆದದ್ದೂ ಗ್ರೆನೋಬ್ಲ್‌ನ ಅದೇ ಸಂಶೋಧನಾ ರಿಯಾಕ್ಟರಿನಲ್ಲಿ.

ಆದರೂ ಕಡತ ಮುಚ್ಚುವಂತಿಲ್ಲ. 5 ಎಂಇವಿ (50 ಲಕ್ಷ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಆಸುಪಾಸಿನಲ್ಲಿ ಕಣಗಳು ಲೆಕ್ಕಕ್ಕಿಂತ ಹೆಚ್ಚೇ ಸಿಗುತ್ತವೆ. ದಕ್ಷಿಣ ಕೊರಿಯಾದ ರೆನೊ, ಫ್ರಾನ್ಸಿನ ಡಬಲ್ ಶೂ, ದಾಯಾ ಬೇ ಮೂರೂ ಪ್ರಯೋಗಗಳು ಇದನ್ನು ಕಂಡಿವೆ. ಇದಕ್ಕೆ ಸ್ಟೆರೈಲ್ ಕಣವೂ ಉತ್ತರವಲ್ಲ.

ವಿದಳನದ ಚೂರುಗಳು ಹೇಗೆ ಕ್ಷಯಿಸುತ್ತವೆ ಎಂಬ ಕೋಷ್ಟಕಗಳಲ್ಲಿ ಇನ್ನೂ ತೂತುಗಳಿವೆ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಉಳಿಯುವ ಶಾಖವನ್ನು ಲೆಕ್ಕ ಹಾಕುವುದು ಇದೇ ಬಗೆಯ ಕೋಷ್ಟಕಗಳಿಂದ. ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರಕ್ಕೂ ಆ ಲೆಕ್ಕ ಬೇಕೇ ಬೇಕು. ಹೊಸ ಕಣದ ಬೇಟೆಗೆ ಹಣ ಸುರಿಯುವವರು ಈ ನೀರಸ ಅಳತೆಗಳಿಗೂ ಒಂದಿಷ್ಟು ಎತ್ತಿಡಲಿ.