ಒಂದು ಬೀಜ ಕಡಲಿಗೆ, ಒಂದು ಬೀಜ ಬುಡಕ್ಕೆ

1963ರ ನವೆಂಬರಿನಲ್ಲಿ ಐಸ್‌ಲ್ಯಾಂಡಿನ ದಕ್ಷಿಣಕ್ಕೆ, ಸಮುದ್ರದೊಳಗೆ ಜ್ವಾಲಾಮುಖಿ ಸಿಡಿದು ಹೊಸ ದ್ವೀಪವೊಂದು ಮೇಲೆದ್ದಿತು. ಹೆಸರು ಸರ್ಟ್ಸಿ. 1965ರಲ್ಲಿ, ಬೆಂಕಿ ಇನ್ನೂ ಆರುವ ಮೊದಲೇ, ಅದರ ದಡದ ಮರಳಿನಲ್ಲಿ ಹಸಿರು ಮೊಳಕೆಗಳು ಕಾಣಿಸಿಕೊಂಡವು. ಹೂ ಬಿಡುವ ಸಸ್ಯಗಳಲ್ಲಿ ಎಲ್ಲಕ್ಕಿಂತ ಮೊದಲು ಅಲ್ಲಿಗೆ ಬಂದಿಳಿದದ್ದು ಸೀ ರಾಕೆಟ್.

ರಾಕೆಟ್ ಎಂದೊಡನೆ ಆಕಾಶ ನೋಡಬೇಡಿ. ಅದು ಸಾಸಿವೆ ಬಳಗದ ಒಂದು ಸೊಪ್ಪಿನ ಇಂಗ್ಲಿಷ್ ಹೆಸರು. ಸೀ ರಾಕೆಟ್ ಕೂಡ ನಮ್ಮ ಒಗ್ಗರಣೆ ಸಾಸಿವೆಯ ನೆಂಟನೇ. ತಿಳಿ ನೇರಳೆ ಬಣ್ಣದ ನಾಲ್ಕೆಸಳಿನ ಹೂ, ರಸ ತುಂಬಿದ ದಪ್ಪ ಎಲೆ. ಯೂರೋಪ್ ಮತ್ತು ಉತ್ತರ ಅಮೆರಿಕದ ಮರಳುದಂಡೆಗಳಲ್ಲಿ ಅಲೆಯ ಅಂಚಿಗೇ ಬೆಳೆಯುತ್ತದೆ.

ನೋಡಬೇಕಾದ್ದು ಇದರ ಕಾಯಿಯನ್ನು. ಅದರಲ್ಲಿ ಒಂದರ ಮೇಲೊಂದು ಎರಡು ತುಂಡು. ಬಲಿತಾಗ ಮೇಲಿನ ತುಂಡು ಕಳಚಿಬಿದ್ದು, ಬೀಜ ಹೊತ್ತು ನೀರಿನಲ್ಲಿ ತೇಲಿಹೋಗುತ್ತದೆ. ಕೆಳಗಿನದು ಒಣಗಿದ ತಾಯಿಗಿಡಕ್ಕೆ ಅಂಟಿಕೊಂಡೇ ಇದ್ದು, ಅಲ್ಲೇ ಮರಳಲ್ಲಿ ಹೂತು ಮೊಳೆಯುತ್ತದೆ. ಒಬ್ಬ ಮಗ ದುಡಿಯಲು ಊರು ಬಿಟ್ಟರೆ ಇನ್ನೊಬ್ಬ ಮನೆಯಲ್ಲೇ ಉಳಿದು ಹೊಲ ನೋಡಿಕೊಂಡ ಹಾಗೆ!

ಹೀಗೆ ಉಳಿದವರೆಲ್ಲ ಒಂದೇ ತಾಯಿಯ ಮಕ್ಕಳು, ಅದೂ ಒತ್ತೊತ್ತಾಗಿ. ಇರುವ ಅಷ್ಟಿಷ್ಟು ನೀರು, ಸಾರಕ್ಕೆ ಇವರಲ್ಲಿ ಜಗಳವಾಗಬೇಕಲ್ಲವೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸೂಸನ್ ಡಡ್ಲಿ ಮತ್ತು ಅಮಾಂಡಾ ಫೈಲ್ ಇದನ್ನು ಕುಂಡಗಳಲ್ಲಿ ಬೆಳೆಸಿ ಪರೀಕ್ಷಿಸಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೇರೆ ತಾಯಿಯ ಗಿಡಗಳೊಂದಿಗೆ ಕುಂಡ ಹಂಚಿಕೊಂಡ ಗಿಡ ಪೈಪೋಟಿಗೆ ಬಿದ್ದಂತೆ ಹೆಚ್ಚು ಬೇರು ಬಿಟ್ಟಿತು. ಒಡಹುಟ್ಟಿದವುಗಳ ಜೊತೆಗಿದ್ದ ಗಿಡ ಅಷ್ಟು ಬಿಡಲಿಲ್ಲ. ಒಂದೊಂದನ್ನೂ ಪ್ರತ್ಯೇಕ ಕುಂಡದಲ್ಲಿಟ್ಟಾಗ ಈ ವ್ಯತ್ಯಾಸವೇ ಇಲ್ಲ. ಅಂದರೆ ಗುರುತು ಸಿಗುವುದು ಬೇರಿಗೆ ಬೇರು ಸಮೀಪವಾದಾಗ.

ಗಿಡಕ್ಕೂ ಮಮತೆಯಿದೆ ಎಂದು ಬರೆದುಬಿಡುವುದು ಸುಲಭ. ಪ್ರಯೋಗ ಅಳೆದದ್ದು ಮಮತೆಯನ್ನಲ್ಲ, ಬೇರನ್ನು. ಈ ಅರ್ಥವಿವರಣೆಯನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ ಕೂಡ.

ಅನುಮಾನವಿದ್ದರೆ ನೀವೇ ಸಾಸಿವೆಯಿಂದ ಮಾಡಿನೋಡಿ. ಒಂದೇ ಗಿಡದಿಂದ ಕೊಯ್ದ ಕಾಳು ಕೆಲವು ಕುಂಡಗಳಿಗೆ, ಬೇರೆಬೇರೆ ಗಿಡಗಳಿಂದ ಕೊಯ್ದವು ಇನ್ನು ಕೆಲವಕ್ಕೆ. ಎಲ್ಲಕ್ಕೂ ಅದೇ ಮರಳು, ಅಷ್ಟೇ ನೀರು, ಅಷ್ಟೇ ಬಿಸಿಲು. ತಿಂಗಳ ನಂತರ ಬೇರು ತೊಳೆದು, ಒಣಗಿಸಿ, ತೂಗಿ. ತಕ್ಕಡಿ ಸಾಲದಿದ್ದರೆ ಪರಿಚಯದ ಅಕ್ಕಸಾಲಿಗರನ್ನು ಕೇಳಿಕೊಳ್ಳಬಹುದು. ಆದರೆ ಎರಡು ಕುಂಡ ಸಾಲದು, ಇಪ್ಪತ್ತಾದರೂ ಬೇಕು. ಮಹಡಿಯಲ್ಲಿ ಜಾಗ ಕೊಡುವ ಕೆಲಸ ಅಪ್ಪ-ಅಮ್ಮಂದಿರದು.