ಈ ಸಲ ಕಪ್ ಬೇಡ, ಒಂದು 'ಸಲ' ಕೊಡಿ ಸಾಕು

⚽ ಭಾಗ 1/5

ಆಗಸ್ಟ್ ಅಂದ್ರೆ ಫುಟ್ಬಾಲ್ ಅಭಿಮಾನಿಗೆ ಪುಕ್ಕಟೆ ಖುಷಿಯ ತಿಂಗಳು. ಲೀಗ್ ಮ್ಯಾಚ್ ಇರಲ್ಲ, ಹಾಗಾಗಿ ಲೀಗಲ್ಲಿ ಸೋಲೂ ಇರಲ್ಲ. ಯಾರು ಬಂದ್ರು, ಯಾರು ಹೋದ್ರು, ಹೊಸ ಜರ್ಸಿ ಹೇಗಿದೆ, ಮೊದಲ ಮ್ಯಾಚ್ ಯಾವತ್ತು – ಇಷ್ಟರಲ್ಲೇ ಮಳೆಗಾಲ ಕಳೆದುಹೋಗುತ್ತೆ. 2017ರಲ್ಲಿ ಗುರ್‌ಪ್ರೀತ್ ನಾರ್ವೆ ಬಿಟ್ಟು ಬೆಂಗಳೂರಿಗೆ ಬಂದಾಗಲೂ, 2022ರಲ್ಲಿ ರಾಯ್ ಕೃಷ್ಣ ಬಂದಾಗಲೂ ಹೀಗೇ. ಆಡೋಕೆ ಮುಂಚೆನೇ ನಾವು ಮನಸ್ಸಲ್ಲಿ ಕಪ್ ಎತ್ತಿ ಆಗಿರ್ತಿತ್ತು.

2025ರಲ್ಲಿ ಬೆಂಗಳೂರು ಎಫ್‌ಸಿ ಕಡೆಯಿಂದ ಬಂದ ದೊಡ್ಡ ಸುದ್ದಿ ಹೊಸ ಆಟಗಾರನ ಫೋಟೋ ಅಲ್ಲ, ಒಂದು ಪ್ರಕಟಣೆ. ಆಗಸ್ಟ್ 4ಕ್ಕೆ ಬಂತು. ಲೀಗ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲದ ಕಾರಣ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿದ್ದೇವೆ ಅಂತ.

ಹಿಂದಿನ ದಿನ, ಆಗಸ್ಟ್ 3ಕ್ಕೆ, ಸುನಿಲ್ ಛೆಟ್ರಿಗೆ 41 ತುಂಬಿತ್ತು. ನಾವೆಲ್ಲ ಸ್ಟೋರಿ ಹಾಕಿದ್ವಿ. ಆ ಸ್ಟೋರಿ 24 ಗಂಟೆ ಮುಗಿದು ಮಾಯ ಆಗೋ ಹೊತ್ತಿಗೆ ಸಂಬಳವೂ ಮಾಯ.

⚽ ಭಾಗ 2/5

ಫುಟ್ಬಾಲ್ ನೋಡದವರಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ. ನಮ್ಮ ಕಡೆ ಅಡಿಕೆ ಫಸಲು ಚೇಣಿಗೆ ಕೊಡೋದು ಗೊತ್ತಲ್ಲ. ತೋಟ ಯಜಮಾನರದ್ದೇ, ಫಸಲು ಮಾತ್ರ ಚೇಣಿದಾರನಿಗೆ. ಅವನು ಒಪ್ಪಿದ ದುಡ್ಡು ಕೊಡ್ತಾನೆ. ಕೊಯ್ಲು, ಸುಲಿಯೋದು, ಬೇಯಿಸೋದು, ಮಾರೋದು ಎಲ್ಲ ಅವನ ಪಾಡು. ಲಾಭವೂ ಅವನದ್ದು, ನಷ್ಟವೂ ಅವನದ್ದು.

2010ರಲ್ಲಿ ಭಾರತದ ಫುಟ್ಬಾಲ್ ಫೆಡರೇಶನ್, ಅಂದ್ರೆ ಎಐಎಫ್‌ಎಫ್, ಈ ದೇಶದ ಫುಟ್ಬಾಲನ್ನು ಹೀಗೇ 15 ವರ್ಷಕ್ಕೆ ಚೇಣಿಗೆ ಕೊಟ್ಟಿತು. ತಗೊಂಡಿದ್ದು ಐಎಂಜಿ-ರಿಲಯನ್ಸ್. ಮುಂದೆ ಎಫ್‌ಎಸ್‌ಡಿಎಲ್ ಅನ್ನೋ ಕಂಪನಿ ಅದೇ ಹಕ್ಕಿನ ಮೇಲೆ 2014ರಿಂದ ಐಎಸ್‌ಎಲ್ ನಡೆಸ್ತು. ಫೆಡರೇಶನ್‌ಗೆ ವರ್ಷಕ್ಕೆ 50 ಕೋಟಿ ಲೆಕ್ಕ. ಈ ಚೇಣಿ ಮುಗಿದಿದ್ದು 2025ರ ಡಿಸೆಂಬರ್ 8ಕ್ಕೆ.

2023ರಲ್ಲೂ 2024ರಲ್ಲೂ ಲೀಗ್ ಶುರು ಆಗಿದ್ದು ಸೆಪ್ಟೆಂಬರಲ್ಲಿ. ಡಿಸೆಂಬರಿಗೆ ಇನ್ನೂ ಅರ್ಧ ಸೀಸನ್ ಬಾಕಿ ಇರುತ್ತೆ. ಹಕ್ಕು ಮುಂದುವರಿಯೋ ಖಾತ್ರಿ ಇಲ್ಲದೆ ದುಡ್ಡು ಹಾಕಲ್ಲ ಅಂತ ಜುಲೈ 11ಕ್ಕೆ ಎಫ್‌ಎಸ್‌ಡಿಎಲ್ ಇಡೀ ಸೀಸನ್‌ನ ತಡೆಹಿಡಿತು. ಫೆಡರೇಶನ್ ಕೈಯೂ ಕಟ್ಟಿತ್ತು. ಅದರ ಸಂವಿಧಾನದ ಕೇಸು ಆಗ ಸುಪ್ರೀಂ ಕೋರ್ಟಲ್ಲಿತ್ತು, ತೀರ್ಪು ಬರೋವರೆಗೆ ಹೊಸ ಒಪ್ಪಂದ ಮಾಡ್ಕೊಳ್ಳೋ ಹಾಗಿರಲಿಲ್ಲ.

ಇಲ್ಲಿ ಎಲ್ಲರಿಗೂ ಅವರವರ ಕಾರಣ ಇದೆ. ಒಂದೇ ಒಂದು ವಿಷಯ ನನಗೆ ಜೀರ್ಣ ಆಗ್ತಿಲ್ಲ. ಚೇಣಿ ಮುಗಿಯೋ ಲೆಕ್ಕ 2010ರಲ್ಲೇ ಕಾಗದದಲ್ಲಿತ್ತು. ಇದು ಅಕಾಲಿಕ ಮಳೆ ಅಲ್ಲ ಮಾರಾಯ್ರೆ, ಕೊಳೆರೋಗವೂ ಅಲ್ಲ. 15 ವರ್ಷ ಮೊದಲೇ ಗೊತ್ತಿದ್ದ ತಾರೀಕು.

ಇನ್ನೊಂದು ವ್ಯತ್ಯಾಸ ಇದೆ. ಈ ತೋಟದಲ್ಲಿ ಕೆಲಸ ಇಲ್ಲ ಅಂದ್ರೆ ಕೊನೆಗಾರ ಪಕ್ಕದ ತೋಟಕ್ಕೆ ಹೋಗ್ತಾನೆ. ಇಲ್ಲಿ ಆಟಗಾರನಿಗೆ ಪಕ್ಕದ ತೋಟವೂ ಅದೇ ಚೇಣಿದಾರನದ್ದಾಗಿತ್ತು. ಆಗ ಒಡಿಶಾ ನಿಂತಿತ್ತು, ಚೆನ್ನೈ ನಿಂತಿತ್ತು. ಎಲ್ಲಿಗೆ ಹೋಗೋದು?

⚽ ಭಾಗ 3/5

ನಾನು ಇದರ ಬಗ್ಗೆ ಮಾತಾಡಿದಾಗೆಲ್ಲ ಕಾಲೇಜಲ್ಲಿ ಎರಡು ಉತ್ತರ ಬರುತ್ತೆ.

ಒಂದು: "ಬಿಡೋ ಮಾರಾಯ, ಇಪಿಎಲ್ ನೋಡು." ನೋಡ್ತೀನಪ್ಪ, ನಾನೂ ನೋಡ್ತೀನಿ. ಆದ್ರೆ ಲಿವರ್‌ಪೂಲ್‌ಗೆ ಸಾಗರದಲ್ಲಿ ಒಬ್ಬ ಇದ್ದಾನೆ ಅಂತ ಯಾವತ್ತೂ ಗೊತ್ತಾಗಲ್ಲ. ಬಿಎಫ್‌ಸಿ ಹಾಗಲ್ಲ. ರಾತ್ರಿ ತಾಳಗುಪ್ಪದ ರೈಲು ಹತ್ತಿದ್ರೆ ಬೆಳಗಾಗೋದ್ರೊಳಗೆ ಬೆಂಗಳೂರು, ಸಂಜೆ ಕಂಠೀರವದ ವೆಸ್ಟ್ ಬ್ಲಾಕಲ್ಲಿ ನಿಂತ್ಕೊಂಡು ಗಂಟಲು ಹರ್ಕೋಬಹುದು. 2019ರ ಫೈನಲಲ್ಲಿ 117ನೇ ನಿಮಿಷಕ್ಕೆ ರಾಹುಲ್ ಭೆಕೆ ಹೆಡರ್ ಹೊಡೆದಾಗ ನನಗೆ 14 ವರ್ಷ. ಆ ಗೋಲು ನಮ್ಮದು. ಇಪಿಎಲ್‌ನದ್ದು ನೋಡಿದ್ದು ಮಾತ್ರ.

ಎರಡು: "ಅವರಿಗೇನು, ಕೋಟಿ ಕೋಟಿ ಬರುತ್ತೆ." ಕೋಟಿ ಎಣಿಸೋರು ಒಂದು ತಂಡದಲ್ಲಿ ಎಷ್ಟು ಜನ? ಪ್ರಕಟಣೆಯಲ್ಲಿ 'ಸಿಬ್ಬಂದಿ' ಅನ್ನೋ ಪದವೂ ಇದೆ, ಅದನ್ನ ಯಾರೂ ಓದಲ್ಲ. ಫಿಸಿಯೋ, ಬೂಟು-ಬಟ್ಟೆ ನೋಡ್ಕೊಳ್ಳೋರು, ವಿಡಿಯೋ ಕೂತು ನೋಡಿ ಲೆಕ್ಕ ಹಾಕೋರು. ಅವರ ಮನೆ ಬಾಡಿಗೆ ಅನಿರ್ದಿಷ್ಟ ಕಾಲಕ್ಕೆ ನಿಲ್ಲಲ್ಲ.

ಆಟಗಾರರಲ್ಲೂ ನನ್ನ ವಯಸ್ಸಿನವರಿದ್ದಾರೆ. ನಾನು ಒಂದು ಸೆಮಿಸ್ಟರ್ ಕಳ್ಕೊಂಡ್ರೆ ಮುಂದಿನ ವರ್ಷ ಬರೀತೀನಿ, ಯಾರೂ ಸಾಯಲ್ಲ. ಹತ್ತು-ಹದಿನೈದು ವರ್ಷ ಆಡಿದ್ರೆ ಅದೇ ದೊಡ್ಡದು ಅನ್ನೋ ಕೆಲಸದಲ್ಲಿ 20ನೇ ವಯಸ್ಸಿನ ಒಂದು ಸೀಸನ್ ವಾಪಸ್ ಬರಲ್ಲ. 41ನೇ ವಯಸ್ಸಿನದ್ದಂತೂ ಬರೋದೇ ಇಲ್ಲ. 2024-25ರ ಸೀಸನಲ್ಲಿ ಛೆಟ್ರಿ 14 ಗೋಲು ಹೊಡೆದ್ರು. ಸೆಮಿಫೈನಲಲ್ಲಿ ಗೋವಾ ಸಮ ಮಾಡಿದ ಮೇಲೆ ಇಂಜುರಿ ಟೈಮಲ್ಲಿ ಬಂದ ಆ ಹೆಡರ್ ನೆನಪಿದೆಯಲ್ಲ? ಅಂಥ ಮನುಷ್ಯ ಕೊನೇ ಸಲ ಕಂಠೀರವದಿಂದ ಹೊರಗೆ ನಡೆಯೋದು ಮೈದಾನದ ಮೇಲೆ ಆಗಬೇಕು, ಪ್ರಕಟಣೆಯಲ್ಲಿ ಅಲ್ಲ.

⚽ ಭಾಗ 4/5

ಈಗ ಸ್ವಲ್ಪ ಕಹಿ ಮಾತು. ನಮ್ಮ ಕ್ಲಬ್ಬಿಗೇ.

ಒಳ್ಳೇದು ಮೊದಲು ಹೇಳ್ತೀನಿ. ಯೂತ್ ತಂಡಗಳಿಗೆ, ಸಾಕರ್ ಸ್ಕೂಲ್‌ಗಳಿಗೆ ಇದರಿಂದ ಏನೂ ತೊಂದರೆ ಇಲ್ಲ ಅಂತ ಕ್ಲಬ್ ಹೇಳಿದೆ. ಅದು ದೊಡ್ಡ ವಿಷಯ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಿದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಗಿದ್ದು ಇದೇ ಕ್ಲಬ್. ಸಂಬಳ ಟೈಮಿಗೆ ಬರೋ ತಂಡ, ಎಲ್ಲ ನೆಟ್ಟಗೆ ನಡೆಯೋ ತಂಡ ಅನ್ನೋ ಹೆಸರಿತ್ತು. ಅದಕ್ಕೇ ಬೇರೆ ಯಾರೋ ನಿಲ್ಲಿಸಿದ್ರೆ ಇಷ್ಟು ನೋವಾಗ್ತಿರಲಿಲ್ಲ.

ಫಸ್ಟ್ ಇಯರ್ ಬಿಕಾಂನಲ್ಲಿ ಫೈನಲ್ ಅಕೌಂಟ್ಸ್ ಮಾಡಿದವರಿಗೆ 'ಔಟ್‌ಸ್ಟ್ಯಾಂಡಿಂಗ್ ಸ್ಯಾಲರಿ' ನೆನಪಿರುತ್ತೆ. ಕೊಡಬೇಕಾದ ಸಂಬಳ ಇನ್ನೂ ಕೊಟ್ಟಿಲ್ಲ ಅಂದ್ರೆ ಅದು ಖರ್ಚಿಗೂ ಸೇರುತ್ತೆ, ಬ್ಯಾಲೆನ್ಸ್ ಶೀಟಲ್ಲಿ ಹೊಣೆಯ ಕಡೆಗೂ ಕೂರುತ್ತೆ. ಆದಾಯ ಬಂದಿಲ್ಲ ಅಂದ ಮಾತ್ರಕ್ಕೆ ಆ ಸಾಲು ಅಳಿಸಿ ಹೋಗಲ್ಲ. ಅಳಿಸಿದ್ರೆ ಮೇಷ್ಟ್ರು ಮಾರ್ಕ್ಸ್ ಕಟ್ ಮಾಡ್ತಾರೆ.

ಮಾಲೀಕರ ಕಷ್ಟ ಸುಳ್ಳು ಅಂತ ನಾನು ಹೇಳ್ತಿಲ್ಲ. ಆಗ ಟಿಕೆಟ್ ಇರಲಿಲ್ಲ, ಟಿವಿ ದುಡ್ಡು ಇರಲಿಲ್ಲ, ಜರ್ಸಿ ಮೇಲೆ ಹೆಸರು ಹಾಕಿಸೋಕೆ ಯಾರನ್ನ ಕರೆಯೋದು ಅಂತ ಗೊತ್ತಿರಲಿಲ್ಲ. ಎಷ್ಟು ತಿಂಗಳು ಅಂತ ತಿಳಿಯದೆ ದುಡ್ಡು ಸುರಿ ಅನ್ನೋದು ಸುಲಭ, ಸುರಿಯೋದು ನಾವಲ್ಲವಲ್ಲ. "ಹೀಗೆ ಮಾಡದೆ ಇದ್ರೆ ದೆಹಲಿಯಲ್ಲಿ ಯಾರೂ ಎಚ್ಚರ ಆಗ್ತಿರಲಿಲ್ಲ" ಅನ್ನೋರೂ ಇದ್ದಾರೆ. ಇರಬಹುದು. ಆದ್ರೆ ಜಗಳ ಯಜಮಾನ ಮತ್ತು ಚೇಣಿದಾರನ ಮಧ್ಯೆ ಇರುವಾಗ ಕೊನೆಗಾರನ ಕೂಲಿ ಹಿಡಿದಿಟ್ಟು ಗದ್ದಲ ಎಬ್ಬಿಸೋದು ನ್ಯಾಯ ಅಲ್ಲ. ಜೆಎಸ್‌ಡಬ್ಲ್ಯು ತೂಗೋ ತಕ್ಕಡಿಯಲ್ಲಿ ಒಂದು ತಂಡದ ಕೆಲವು ತಿಂಗಳ ಸಂಬಳ ಎಷ್ಟು ಭಾರ ಇದ್ದೀತು? ಆಟಗಾರನ ಮನೆಯ ತಕ್ಕಡಿಯಲ್ಲಿ ಅದೇ ಇಡೀ ಭಾರ.

'ನಿಲ್ಲಿಸಿದ್ದೇವೆ' ಅನ್ನೋದಕ್ಕೂ 'ತಡ ಆಗುತ್ತೆ, ಆದ್ರೆ ಪೈಸೆ ಬಾಕಿ ಇಡದೆ ಕೊಡ್ತೀವಿ' ಅನ್ನೋದಕ್ಕೂ ವ್ಯತ್ಯಾಸ ಇದೆ. ನಾನು ಎರಡನೇ ವಾಕ್ಯಕ್ಕೆ ಕಾಯ್ತಿದೀನಿ.

⚽ ಭಾಗ 5/5

ನಮ್ಮ ಕಾಲೇಜಲ್ಲಿ ಎಲ್ಲರೂ ಆರ್‌ಸಿಬಿ. ನಾನೂ 2025ರ ಜೂನ್ 3ಕ್ಕೆ ಕುಣಿದವನೇ. 18ನೇ ಸೀಸನ್ನಿಗೆ ಕಪ್ ಬಂತು. ಅಷ್ಟು ವರ್ಷ ನಾವು "ಈ ಸಲ ಕಪ್ ನಮ್ದೇ" ಅಂತ ಕೂಗೋಕೆ ಆಗಿದ್ದು ಯಾಕೆ ಗೊತ್ತಾ? ಸೋತ ರಾತ್ರಿನೇ ಮುಂದಿನ ವರ್ಷವೂ ಐಪಿಎಲ್ ಇದೆ ಅನ್ನೋದು ಖಾತ್ರಿ ಇತ್ತು. ತಮಾಷೆ ಮಾಡಿಸ್ಕೊಳ್ಳೋಕೂ ಒಂದು 'ಸಲ' ಬೇಕು.

2025ರ ಏಪ್ರಿಲ್ 12ಕ್ಕೆ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ವಿರುದ್ಧ ಮುಂದಿದ್ದು, ಎಕ್ಸ್‌ಟ್ರಾ ಟೈಮಲ್ಲಿ 2-1ಕ್ಕೆ ಸೋತಾಗ ನಾನು ಹೇಳ್ಕೊಂಡಿದ್ದೂ ಅದನ್ನೇ. ಹಿಂದಿನ ವರ್ಷ 12 ತಂಡಗಳಲ್ಲಿ 10ನೇ ಸ್ಥಾನ, ಈ ವರ್ಷ ಫೈನಲ್, ಮುಂದಿನ ಸಲ ನಮ್ದೇ ಅಂತ. ಆ ಮುಂದಿನ ಸಲವನ್ನೇ ಯಾರೋ ಕಡತದಲ್ಲಿ ಇಟ್ಟು ದಾರ ಕಟ್ಟಿದ್ರು.

ಪ್ರತಿ ಆಫ್-ಸೀಸನಲ್ಲೂ ನಾವು ಕ್ಲಬ್ ಪೇಜಿಗೆ ಹೋಗಿ "ಸ್ಟ್ರೈಕರ್ ತನ್ನಿ" ಅಂತ ಕಾಮೆಂಟ್ ಹಾಕ್ತೀವಿ. ಈ ಸಲ ಬೇರೆ ಮೂರು ಕೇಳೋಣ.

1. ಹಿಡಿದಿಟ್ಟ ಸಂಬಳ ಪೂರ್ತಿ ಕೊಡ್ತೀವಿ ಅಂತ ಕ್ಲಬ್ ಬಾಯಿಬಿಟ್ಟು ಹೇಳಲಿ. ಮೊದಲು ಕಡಿಮೆ ಸಂಬಳದವರಿಗೆ ಕೊಡಲಿ.

2. ಫೆಡರೇಶನ್ ಒಂದು ತಾರೀಕು ಹೇಳಲಿ. ತಡವಾದ್ರೂ ಪರವಾಗಿಲ್ಲ, ಚಿಕ್ಕ ಲೀಗ್ ಆದ್ರೂ ಪರವಾಗಿಲ್ಲ. ತಾರೀಕು ಇಲ್ಲದೆ ಯಾವ ಆಟಗಾರನೂ ಫಿಟ್ ಆಗಿ ಇರಲ್ಲ, ನಾವೂ ರೈಲು ಬುಕ್ ಮಾಡೋಕಾಗಲ್ಲ.

3. ಮುಂದಿನ ಒಪ್ಪಂದದಲ್ಲಿ ಕ್ಲಬ್‌ಗಳಿಗೂ ಪಾಲು ಇರಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕಂಪನಿಯ ಷೇರುದಾರರು ಅಲ್ಲಿ ಆಡೋ 20 ಕ್ಲಬ್‌ಗಳೇ. ತೋಟ ಕಾಯೋರಿಗೆ ಫಸಲಲ್ಲಿ ಪಾಲು ಇದ್ರೆ ಚೇಣಿ ಮುಗಿಯೋ ದಿನವನ್ನ ಯಾರೂ ಮರೆಯಲ್ಲ.

2023ರ ಮಾರ್ಚಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ಕ್ಕೆ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ಹುಡುಗರು ಅಲ್ಲಿಂದ ಮೇಲೆ ಹತ್ತೋಕೆ ಈ ರಾಜ್ಯದಲ್ಲಿರೋ ದೊಡ್ಡ ಏಣಿ ಬೆಂಗಳೂರು ಎಫ್‌ಸಿ. ಏಣಿ ಎತ್ತಿಟ್ಟ ಮೇಲೆ ಹುಡುಗರಲ್ಲಿ ದಮ್ಮಿಲ್ಲ ಅಂತ ಹೇಳಬೇಡಿ.

ಕೆಳಗೆ ಬರೀರಿ: ಈ ಮೂರರಲ್ಲಿ ನಿಮ್ಮ ಮೊದಲನೇದು ಯಾವುದು? ನನ್ನದು ಒಂದನೇದು. ಕಪ್ ಆಮೇಲೆ ನೋಡ್ಕೊಳ್ಳೋಣ.

#ಬೆಂಗಳೂರುಎಫ್‌ಸಿ #ವೆಸ್ಟ್‌ಬ್ಲಾಕ್ #ಛೆಟ್ರಿ #ಸಾಗರ #ಸಂಬಳಮೊದಲು